ನೂರಕ್ಕೆ ಮೂರೂವರೆ: ಕಾರ್ಡ್ ಬಿಲ್ಲಿನ ಒಳಲೆಕ್ಕ

ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಕೈಸಾಲದ ಬಡ್ಡಿಯನ್ನು ನೂರಕ್ಕೆ ಎರಡು, ನೂರಕ್ಕೆ ಮೂರು ಎಂದು ತಿಂಗಳ ಲೆಕ್ಕದಲ್ಲೇ ಹೇಳುತ್ತಾರೆ. ಮೂರು ದಾಟಿದರೆ ಆ ಬಾಗಿಲಿಗೆ ಹೋಗಬಾರದೆಂಬ ಎಚ್ಚರ ಇಲ್ಲಿ ಓದುಬರಹ ಬಾರದವರಿಗೂ ಉಂಟು. ಅದೇ ಎಚ್ಚರದ ಜನರ ಕಿಸೆಯಲ್ಲಿರುವ ಕ್ರೆಡಿಟ್ ಕಾರ್ಡಿನ ಬಡ್ಡಿ ಅನೇಕ ಬ್ಯಾಂಕುಗಳಲ್ಲಿ ತಿಂಗಳಿಗೆ ಶೇ 3.5ರಿಂದ 3.75, ಅಂದರೆ ವರ್ಷಕ್ಕೆ ಶೇ 42ರಿಂದ 45 ಇರುತ್ತದೆ. ಲೆಕ್ಕಪತ್ರ ಮತ್ತು ತೆರಿಗೆಯ ಕೆಲಸಕ್ಕೆಂದು ನನ್ನ ಕಚೇರಿಗೆ ಬರುವವರಲ್ಲಿ ಈ ದರವನ್ನು ಕಾರ್ಡ್ ಪಡೆಯುವ ಮೊದಲೇ ಓದಿಕೊಂಡವರು ಅಪರೂಪ.

ಒಂದೇ ಬ್ಯಾಂಕಿನ ಒಂದೇ ಶಾಖೆಯಲ್ಲಿ ರೈತನಿಗೆ ಕಿಸಾನ್ ಕ್ರೆಡಿಟ್ ಕಾರ್ಡಿನ ಮೇಲೆ 3 ಲಕ್ಷ ರೂಪಾಯಿವರೆಗಿನ ಬೆಳೆಸಾಲ ಶೇ 7ರ ಬಡ್ಡಿಗೆ ಸಿಗುತ್ತದೆ, ಗಡುವಿನೊಳಗೆ ತೀರಿಸಿದರೆ ಅದು ಶೇ 4ಕ್ಕೆ ಇಳಿಯುತ್ತದೆ. ಅಲ್ಲಿ ವ್ಯತ್ಯಾಸದ ಹಣವನ್ನು ಸರ್ಕಾರ ತುಂಬಿಕೊಡುತ್ತದೆ. ಸಾಮಾನ್ಯ ಕ್ರೆಡಿಟ್ ಕಾರ್ಡಿನ ಹಿಂದೆ ಸಹಾಯಧನವೂ ಇಲ್ಲ, ಒತ್ತೆಯೂ ಇಲ್ಲ, ಜಾಮೀನುದಾರನೂ ಇಲ್ಲ. ಮುಳುಗಿದ ಸಾಲದ ನಷ್ಟವನ್ನೂ, ಪೂರ್ತಿ ಬಿಲ್ಲು ಕಟ್ಟುವವರಿಗೆ 45–50 ದಿನದವರೆಗೆ ಬಡ್ಡಿಯಿಲ್ಲದೆ ಹಣ ಕೊಡುವ ಖರ್ಚಿನ ಒಂದು ಪಾಲನ್ನೂ ಬ್ಯಾಂಕು ಬಾಕಿ ಉಳಿಸಿಕೊಳ್ಳುವವರ ಬಡ್ಡಿಯಿಂದಲೇ ತುಂಬಿಕೊಳ್ಳುತ್ತದೆ. 2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳ ಕಾರ್ಡ್ ಬಾಕಿಯ ಅಪಾಯ ತೂಕವನ್ನು (ಸಾಲದ ಅಪಾಯಕ್ಕೆ ತಕ್ಕಂತೆ ಎಷ್ಟು ಬಂಡವಾಳ ತೆಗೆದಿಡಬೇಕೆಂದು ಎಣಿಸುವ ಅಳತೆ) ಶೇ 125ರಿಂದ 150ಕ್ಕೆ ಏರಿಸಿದ ಮೇಲೆ ಈ ಸಾಲಕ್ಕೆ ಬ್ಯಾಂಕು ತೆಗೆದಿಡಬೇಕಾದ ಬಂಡವಾಳವೂ ಹೆಚ್ಚಾಯಿತು.

ಗೃಹಸಾಲದ ಬಡ್ಡಿಯ ಹಾಗಲ್ಲದೆ, ಕಾರ್ಡಿನ ಬಡ್ಡಿ ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಜೋಡಣೆಯಾಗಿಲ್ಲ. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ಶೇ 6.5ರಿಂದ 5.5ಕ್ಕೆ ಇಳಿದಾಗ ಗೃಹಸಾಲದ ಕಂತು ಕಡಿಮೆಯಾದವರು ಕಾರ್ಡಿನಲ್ಲೂ ಅದನ್ನೇ ನಿರೀಕ್ಷಿಸಿ ನಿರಾಶರಾದದ್ದು ಇದೇ ಕಾರಣಕ್ಕೆ. ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ನೀಡಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದುಮಾಡಿತು. ಹೀಗಾಗಿ ದರ ನಿಗದಿ ಬ್ಯಾಂಕಿಗೇ ಬಿಟ್ಟ ವಿಷಯವಾಗಿದೆ. ಠೇವಣಿಯ ಮೇಲೆ ಕೊಟ್ಟ ಕಾರ್ಡಿಗೆ ಕೆಲವು ಬ್ಯಾಂಕುಗಳು ಕಡಿಮೆ ಬಡ್ಡಿ ಹಾಕುತ್ತವೆ. ಕಾರ್ಡಿನ ಬಗೆ, ಗ್ರಾಹಕನ ಸಿಬಿಲ್ ಅಂಕ (ಸಾಲ ತೀರಿಸುವ ವಿಶ್ವಾಸಾರ್ಹತೆಯ ಅಂಕ), ಹಿಂದಿನ ಪಾವತಿಯ ನಡವಳಿಕೆ ಇವುಗಳ ಮೇಲೂ ದರ ಬದಲಾಗಬಹುದು.

ಆದರೆ ಶೇ 3.5 ಮತ್ತು 3.75ರ ನಡುವಿನ ವ್ಯತ್ಯಾಸಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ಬಡ್ಡಿ ಯಾವ ದಿನದಿಂದ ಶುರುವಾಗುತ್ತದೆ ಎಂಬುದು. ಆಳಂದ ಕಡೆಯ ಬೀಜ–ಗೊಬ್ಬರದ ಅಂಗಡಿಯವರೊಬ್ಬರು ಬಿಲ್ಲನ್ನು ಮೇಜಿನ ಮೇಲಿಟ್ಟು ಕೇಳಿದ್ದರು: “ಸರ, ಮಿನಿಮಮ್ ತಪ್ಪದ ಕಟ್ಟೀನ್ರಿ, ಮತ್ತ ಬಡ್ಡಿ ಯಾಕ ಹಾಕ್ಯಾರ?” ಅವರ ಲೆಕ್ಕವನ್ನು ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ಮಕ್ಕಳ ಶಾಲೆಯ ಶುಲ್ಕಕ್ಕೆಂದು ಜೂನ್ 12ರಂದು 20,000 ರೂಪಾಯಿ ಕಾರ್ಡಿನಲ್ಲಿ ಕಟ್ಟಿದರು. ಜುಲೈ 10ಕ್ಕೆ ಬಿಲ್ಲು ಬಂತು, ಜುಲೈ 30ರ ಗಡುವಿಗೆ ಕನಿಷ್ಠ ಮೊತ್ತವಾದ 1,000 ರೂಪಾಯಿ ಕಟ್ಟಿದರು. ಪೂರ್ತಿ ಕಟ್ಟದ ಕಾರಣ ಬಡ್ಡಿರಹಿತ ಅವಧಿ ರದ್ದಾಗಿ, ಬಡ್ಡಿಯ ಎಣಿಕೆ ಜೂನ್ 12ಕ್ಕೇ ಹಿಂದೆ ಸರಿಯಿತು: 20,000ದ ಮೇಲೆ 48 ದಿನ, 19,000ದ ಮೇಲೆ ಆಗಸ್ಟ್ 10ರ ಬಿಲ್ಲಿನವರೆಗೆ 12 ದಿನ. ವರ್ಷಕ್ಕೆ ಶೇ 42ರಂತೆ ಇದು ಸುಮಾರು 1,367 ರೂಪಾಯಿ; ಅದರ ಮೇಲೆ ಶೇ 18 ಜಿಎಸ್‌ಟಿ 246. ಕಟ್ಟಿದ್ದು ಸಾವಿರ, ಮೇಲೆ ಬಿದ್ದದ್ದು 1,613. ಹಳೆಯ ಬಾಕಿ ಇರುವಾಗ ಹೊಸದಾಗಿ ಕಾರ್ಡ್ ಉಜ್ಜಿದರೆ ಆ ಖರೀದಿಗೂ ಖರೀದಿಯ ದಿನದಿಂದಲೇ ಬಡ್ಡಿ ಬೀಳುತ್ತದೆ. ಎಟಿಎಂನಲ್ಲಿ ನಗದು ತೆಗೆದರಂತೂ ಬಡ್ಡಿರಹಿತ ಅವಧಿಯೆಂಬುದೇ ಇಲ್ಲ, ಜೊತೆಗೆ ಸಾಮಾನ್ಯವಾಗಿ ಶೇ 2.5ರ ಶುಲ್ಕವೂ ಇರುತ್ತದೆ.

ನಮ್ಮ ಭಾಗದಲ್ಲಿ ಈ ತೊಡಕಿಗೆ ಇನ್ನೊಂದು ಎಳೆ ಇದೆ. ಮುಂಗಾರಿನಲ್ಲಿ ಉದ್ರಿ ಕೊಟ್ಟ ಅಂಗಡಿಯವರಿಗೆ ದುಡ್ಡು ಕೈಗೆ ಬರುವುದು ತೊಗರಿ ರಾಶಿಯಾದ ಮೇಲೆ, ಅಂದರೆ ಡಿಸೆಂಬರ್–ಜನವರಿಗೆ. ಕಾರ್ಡಿನ ಬಿಲ್ಲಾದರೋ ತಿಂಗಳು ತಪ್ಪದೆ ಬರುತ್ತದೆ. ವರ್ಷಕ್ಕೊಮ್ಮೆ ಬರುವ ಆದಾಯವನ್ನು ನಂಬಿ ತಿಂಗಳ ಸಾಲ ಹೊರುವವರಿಗೆ ನಾನು ಮೊದಲು ಹೇಳುವುದು, ಕಾರ್ಡಿನ ಬಾಕಿಯನ್ನು ಅಗ್ಗದ ಸಾಲದಿಂದ ಒಮ್ಮೆಗೇ ತೀರಿಸಿ ಎಂದು. ಬ್ಯಾಂಕಿನ ಬಂಗಾರದ ಸಾಲ ಇದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಬಡ್ಡಿಗೆ ಸಿಗುತ್ತದೆ. ಮನೆಯ ಹೆಣ್ಣುಮಕ್ಕಳ ಒಡವೆ ಅಡವಿಡಲು ಸಂಕೋಚಪಡುವವರು ಶೇ 42ರ ಬಡ್ಡಿಯನ್ನು ಸಂಕೋಚವಿಲ್ಲದೆ ತೆರುತ್ತಿರುವುದು ನನಗೆ ಇಂದಿಗೂ ಸೋಜಿಗ. ಬಿಲ್ಲು ತಂದಿದ್ದ ಆ ಅಂಗಡಿಯವರು ಕೊನೆಗೆ ಮಾಡಿದ್ದೂ ಬಂಗಾರದ ಸಾಲವನ್ನೇ. ಬಂಗಾರ ಇಲ್ಲದವರು ಬಾಕಿಯನ್ನು ಕಂತುಗಳಿಗೆ ಪರಿವರ್ತಿಸುವಂತೆ ಕಾರ್ಡಿನ ಬ್ಯಾಂಕನ್ನೇ ಕೇಳಬಹುದು; ಆದರೆ ಸಂಸ್ಕರಣಾ ಶುಲ್ಕ (ಪ್ರೊಸೆಸಿಂಗ್ ಫೀ), ಬಡ್ಡಿಯ ಮೇಲಿನ ಜಿಎಸ್‌ಟಿ, ಅವಧಿಗೆ ಮುನ್ನ ತೀರಿಸಿದರೆ ಬೀಳುವ ದಂಡ ಮೂರನ್ನೂ ಕೂಡಿಸಿ ನೋಡಿಯೇ ಒಪ್ಪಬೇಕು. ಯಾವ ದಾರಿ ಹಿಡಿದರೂ ಬಾಕಿ ತೀರುವವರೆಗೆ ಆ ಕಾರ್ಡಿನಲ್ಲಿ ಹೊಸ ಖರೀದಿ ನಿಲ್ಲಬೇಕು.

ಗ್ರಾಹಕರ ಪರವಾದ ನಿಯಮಗಳೂ ಇವೆ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಗಡುವು ಮೀರಿ ಮೂರು ದಿನಕ್ಕಿಂತ ಹೆಚ್ಚಾಗದ ಹೊರತು ತಡಪಾವತಿ ಶುಲ್ಕ ಹಾಕುವಂತಿಲ್ಲ. ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಎಣಿಸುವಂತಿಲ್ಲ. ಬಿಲ್ಲಿನ ದಿನಾಂಕವನ್ನು ಕನಿಷ್ಠ ಒಮ್ಮೆ ಬದಲಿಸಿಕೊಳ್ಳುವ ಅವಕಾಶವನ್ನೂ ಬ್ಯಾಂಕು ಕೊಡಲೇಬೇಕು. ಸಂಬಳದ ದಿನಕ್ಕೂ ಗಡುವಿಗೂ ಹೊಂದಾಣಿಕೆಯಾಗದೆ ಒದ್ದಾಡುವ ಶಿಕ್ಷಕರಿಗೆ ಇದೊಂದೇ ಸಾಕಾಗುವುದುಂಟು. ಬಾಕಿ ತೀರಿಸಿ ಕಾರ್ಡ್ ಮುಚ್ಚಲು ಕೋರಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ಕೊಡಬೇಕು. ಕೋರಿಕೆಯನ್ನು ಫೋನಿನಲ್ಲಿ ಹೇಳಿ ಸುಮ್ಮನಾಗದೆ ಇಮೇಲ್‌ನಲ್ಲಿ ಕಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಪರಿಹಾರ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.