ಟೊಮೇಟೊ ಸೂಪಿನ ಕೇಕ್ ತಮಾಷೆಯಲ್ಲ

ಬೇಕಿಂಗ್ ಕಲಿಯಲು ಬಂದವರ ಮುಂದೆ ಟೊಮೇಟೊ ಸೂಪ್ ಹಾಕಿದ ಕೇಕಿನ ಮಾತೆತ್ತಿದರೆ ಮೊದಲು ನಗು, ಆಮೇಲೆ ‘ಅದೇಕೆ?’ ಎಂಬ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಮನೆಗಳಲ್ಲಿ ಡಬ್ಬಿ ಸೂಪು, ಮೇಯನೇಸ್, ವಿನೆಗರ್, ಹುಳಿ ಬರಿಸಿದ ಎಲೆಕೋಸು, ಹಿಸುಕಿದ ಆಲೂಗಡ್ಡೆ, ಬಾಟಲಿ ಸೋಡಾ ಎಲ್ಲವೂ ಕೇಕಿನೊಳಗೆ ಹೋದವು. ಈಗ ಅವನ್ನು ಹಳೆಯ ಕಾಲದ ಹುಚ್ಚಾಟವೆಂದು ತೋರಿಸಿ ನಗುವುದು ರೂಢಿಯಾಗಿದೆ. ದಿನವೂ ಓವನ್ ಮುಂದೆ ನಿಲ್ಲುವ ನನಗೆ ಹಾಗೆ ಕಾಣುವುದಿಲ್ಲ. ಮೊಟ್ಟೆ ಮಾಡುವ ಕೆಲಸವನ್ನು ಇನ್ನೊಂದು ವಸ್ತು ಮಾಡಿಕೊಟ್ಟರೆ ಕೇಕಿಗೆ ಮೊಟ್ಟೆಯೇ ಆಗಬೇಕೆಂದಿಲ್ಲ. ಬೆಣ್ಣೆಗೂ ಹಾಲಿಗೂ ಇದೇ ಮಾತು. ಆ ಗೃಹಿಣಿಯರು ಇದನ್ನು ಪುಸ್ತಕ ಓದಿ ಕಲಿತವರಲ್ಲ, ಕೈಯಲ್ಲಿ ಮಾಡಿ ಕಂಡುಕೊಂಡವರು.

ಇವೆಲ್ಲವನ್ನೂ ‘ಯುದ್ಧಕಾಲದ ಕೇಕು’ ಎಂದು ಒಂದೇ ಗಂಟಿಗೆ ಕಟ್ಟುವುದು ಮಾತ್ರ ಸರಿಯಲ್ಲ. ಅಮೆರಿಕದಲ್ಲಿ ಸಕ್ಕರೆಗೆ ಪಡಿತರ ಬಂದದ್ದು 1942ರಲ್ಲಿ, ಬೆಣ್ಣೆಗೆ 1943ರ ಮಾರ್ಚ್‌ನಲ್ಲಿ. ಆದರೆ ಡಬ್ಬಿಯಲ್ಲಿ ಬರುವ ಆಹಾರಕ್ಕೂ ಅದೇ 1943ರಲ್ಲಿ, ಹಣದ ಜೊತೆಗೆ, ಸರ್ಕಾರ ಇಂತಿಷ್ಟೇ ಎಂದು ಹಂಚಿದ ಪಡಿತರದ ಅಂಕಗಳನ್ನೂ ತೆರಬೇಕಾಯಿತು. ಆ ದಿನಗಳಲ್ಲಿ ಸೂಪಿನ ಡಬ್ಬಿಯನ್ನು ಕೇಕಿಗೆ ಸುರಿಯುವುದು ಉಳಿತಾಯವೇನೂ ಆಗಿರಲಿಲ್ಲ. ಮೊಟ್ಟೆಗಂತೂ ಅಲ್ಲಿ ಪಡಿತರವೇ ಇರಲಿಲ್ಲ. ಮೊಟ್ಟೆಗೆ ಬರಗಾಲ ಬಂದದ್ದು ಬ್ರಿಟನ್ನಿನಲ್ಲಿ. ನಾನು ಈ ಕೇಕುಗಳನ್ನು ಎರಡು ಮನೆತನಗಳಾಗಿ ನೋಡುತ್ತೇನೆ. ಒಂದು, 1930ರ ದಶಕದ ಆರ್ಥಿಕ ಕುಸಿತ ಮತ್ತು ಯುದ್ಧದ ಕೊರತೆಯಲ್ಲಿ ಮನೆಯಲ್ಲೇ ಹುಟ್ಟಿದವು. ಇನ್ನೊಂದು, ‘ನಮ್ಮ ಸರಕನ್ನು ಇನ್ನೂ ಎಲ್ಲೆಲ್ಲಿ ಸುರಿಯಬಹುದು’ ಎಂದು ಕಂಪನಿಗಳ ಅಡುಗೆಮನೆಗಳಲ್ಲಿ ಯೋಚಿಸಿ ಹುಟ್ಟಿಸಿದವು. ಎರಡನೆಯ ಮನೆತನದಲ್ಲೂ ಸಜ್ಜನರಿದ್ದಾರೆ, ಆದರೆ ಅವರ ಮಾತನ್ನು ಸ್ವಲ್ಪ ಜಾಗರೂಕತೆಯಿಂದ ಕೇಳಬೇಕು.

ಮೊದಲ ಮನೆತನದ ಹಿರಿಯ ಮಗಳು ವ್ಯಾಕಿ ಕೇಕ್. ಮೊಟ್ಟೆಯಿಲ್ಲ, ಹಾಲಿಲ್ಲ, ಬೆಣ್ಣೆಯಿಲ್ಲ. 190 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ, 3 ಟೇಬಲ್ ಚಮಚ ಕೋಕೋ ಪುಡಿ, 1 ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು. ಇಷ್ಟನ್ನೂ ಬೇಯಿಸುವ ತಟ್ಟೆಯಲ್ಲೇ ಬೆರೆಸಿ ಮೂರು ಗುಳಿ ಮಾಡುವುದು. ಒಂದು ಗುಳಿಗೆ 1 ಟೇಬಲ್ ಚಮಚ ವಿನೆಗರ್, ಇನ್ನೊಂದಕ್ಕೆ 1 ಟೀ ಚಮಚ ವೆನಿಲ್ಲಾ, ಮೂರನೆಯದಕ್ಕೆ 80 ಮಿಲಿ ಎಣ್ಣೆ. ಮೇಲಿಂದ 240 ಮಿಲಿ ತಣ್ಣೀರು ಸುರಿದು, ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ, 180 ಡಿಗ್ರಿಯಲ್ಲಿ 30ರಿಂದ 35 ನಿಮಿಷ. 8 ಅಂಗುಲದ ಚೌಕ ತಟ್ಟೆ ಸಾಕು. ಮೂರು ಗುಳಿಗೆ ಯಾವ ಮಹಿಮೆಯೂ ಇಲ್ಲ, ಮಕ್ಕಳಿಗೆ ಖುಷಿ ಅಷ್ಟೇ.

ಇಲ್ಲಿ ವಿನೆಗರ್‌ಗೆ ಸಲ್ಲುವುದಕ್ಕಿಂತ ಹೆಚ್ಚು ಕೀರ್ತಿ ಸಂದಿದೆ. ‘ವಿನೆಗರ್ ಮತ್ತು ಸೋಡಾ ಸೇರಿ ಕೇಕು ಉಬ್ಬುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಟೀ ಚಮಚ ಸೋಡಾ ಎಂದರೆ ಹೆಚ್ಚುಕಡಿಮೆ 5 ಗ್ರಾಂ. ಅದು ಪೂರ್ತಿ ತಟಸ್ಥವಾಗಲು ಮೂರೂವರೆ ಗ್ರಾಂ ಅಸಿಟಿಕ್ ಆಮ್ಲ ಬೇಕು. ನಮ್ಮ ಅಂಗಡಿಗಳ ಬಿಳಿ ವಿನೆಗರ್‌ನಲ್ಲಿ ಆಮ್ಲ ಸಾಮಾನ್ಯವಾಗಿ ಶೇ. 4ರ ಆಸುಪಾಸು. ಅಂದರೆ ಐದಾರು ಟೇಬಲ್ ಚಮಚ ಸುರಿಯಬೇಕು, ಪಾಕವಿಧಾನದಲ್ಲಿರುವುದು ಒಂದೇ. ಕೋಕೋದ ಹುಳಿ ಇನ್ನೊಂದಿಷ್ಟು ಸೋಡಾವನ್ನು ತೀರಿಸುತ್ತದೆ. ಉಳಿದದ್ದು ಓವನ್ನಿನ ಶಾಖಕ್ಕೆ ತಾನೇ ಒಡೆದು ಅನಿಲ ಬಿಡುತ್ತದೆ, ಹಿಂದೆ ಕ್ಷಾರವನ್ನು ಉಳಿಸುತ್ತದೆ. ಕೇಕಿಗೆ ಆ ಗಾಢ ಕಂದು ಬಣ್ಣ ಬರುವುದು ಈ ಕ್ಷಾರದಿಂದ. ಸೋಡಾ ಕೈಮೀರಿದಾಗ ನಾಲಿಗೆಗೆ ಸಿಗುವ ಸಾಬೂನಿನ ವಾಸನೆಯೂ ಅದರದೇ. ಹೀಗಾಗಿ ಚಮಚವನ್ನು ಗೋಪುರವಾಗಿ ತುಂಬಬೇಡಿ, ಚಾಕುವಿನ ಬೆನ್ನಿನಿಂದ ಸಮ ಮಾಡಿ.

ಇದೇ ಕಾರಣಕ್ಕೆ ಕೋಕೋ ಯಾವುದು ಎಂಬುದೂ ಮುಖ್ಯ. ಪೊಟ್ಟಣದ ಹಿಂದೆ ಆಮ್ಲ ನಿಯಂತ್ರಕ 500 ಅಥವಾ 501 ಎಂದಿದ್ದರೆ ಆ ಕೋಕೋದ ಹುಳಿಯನ್ನು ಕ್ಷಾರ ಹಾಕಿ ಮೊದಲೇ ತೆಗೆದಿದ್ದಾರೆ ಎಂದರ್ಥ. ಅಂಥದ್ದನ್ನು ಬಳಸಿದರೆ ಬಣ್ಣ ಚೆಂದ, ರುಚಿ ಸಪ್ಪೆ. ಆಗ ವಿನೆಗರ್ ಎರಡು ಚಮಚ ಮಾಡಿ, ಸೋಡಾ ಮುಕ್ಕಾಲಿಗೆ ಇಳಿಸಿ. ಇನ್ನೊಂದು ತೊಡಕು ನಮ್ಮ ಸಕ್ಕರೆಯದು. ಅಮೆರಿಕದ ಸಕ್ಕರೆಯ ಹರಳು ಸಣ್ಣದು, ನಮ್ಮದು ದಪ್ಪ. ಇಷ್ಟು ಕಡಿಮೆ ಕಲಸುವ ಹಿಟ್ಟಿನಲ್ಲಿ ಅದು ಕರಗದೆ ಉಳಿದು, ಬೆಂದ ಕೇಕಿನ ಮೇಲೆ ಕಂದು ಚುಕ್ಕೆಗಳಾಗಿ ಕೂರುತ್ತದೆ. ಸಕ್ಕರೆಯನ್ನು ನೀರಿನಲ್ಲೇ ಕರಗಿಸಿಕೊಂಡರೆ ತೊಂದರೆಯಿಲ್ಲ. ಹಿಟ್ಟು ದೋಸೆ ಹಿಟ್ಟಿನಷ್ಟೇ ತೆಳ್ಳಗಿರುತ್ತದೆ. ಹೆದರಿ ಮೈದಾ ಸೇರಿಸಬಾರದು. ಕಲಸಿದ ಕ್ಷಣವೇ ಗುಳ್ಳೆ ಏಳಲು ಶುರುವಾಗುವುದರಿಂದ ಓವನ್ ಮೊದಲೇ ಕಾದಿರಬೇಕು. ಫೋನು ಬಂದರೆ ಆಮೇಲೆ ಮಾತಾಡಿ.

ಕರ್ನಾಟಕದಲ್ಲಿ ಮೊಟ್ಟೆಯಿಲ್ಲದ ಕೇಕಿಗೆ ಇರುವ ಬೇಡಿಕೆ ಮಾರುವವರಿಗೆ ಗೊತ್ತು. ಅದಕ್ಕೆ ನಾವು ಕಂಡೆನ್ಸ್ಡ್ ಮಿಲ್ಕ್ ಡಬ್ಬಿಯನ್ನೇ ನೆಚ್ಚಿಕೊಂಡಿದ್ದೇವೆ. ಆ ಕೇಕು ಸಿಹಿ ಹೆಚ್ಚಾಗಿ, ಮರುದಿನಕ್ಕೆ ಭಾರವಾಗುತ್ತದೆ. ವ್ಯಾಕಿ ಕೇಕಿನ ಖರ್ಚು ಅದರ ಅರ್ಧವೂ ಇಲ್ಲ, ಎರಡನೆಯ ದಿನವೂ ಮೆತ್ತಗಿರುತ್ತದೆ. ಹಾಲಿಲ್ಲದ್ದರಿಂದ ವೀಗನ್ ಗಿರಾಕಿಗಳಿಗೂ ಆಯಿತು.

ಮೇಯನೇಸ್ ಕೇಕ್ ಎರಡನೆಯ ಮನೆತನದ್ದು. ಹೆಲ್‌ಮನ್ಸ್ ಕಂಪನಿಯ ಮಾರಾಟಗಾರರೊಬ್ಬರ ಹೆಂಡತಿ 1937ರಲ್ಲಿ ಮೇಯನೇಸ್ ಹಾಕಿ ಚಾಕೊಲೇಟ್ ಕೇಕ್ ಮಾಡಿದರೆಂದು ಕಂಪನಿ ಹೇಳಿಕೊಂಡು ಬಂದಿದೆ. ಹೆಸರು ಕೇಳಿ ಮೂಗು ಮುರಿಯುವವರು ಶೀಶೆಯೊಳಗೆ ಏನಿದೆ ಎಂದು ನೋಡಲಿ: ಎಣ್ಣೆ, ಮೊಟ್ಟೆಯ ಹಳದಿ, ವಿನೆಗರ್. ಮೂರೂ ಕೇಕಿಗೆ ಹೇಗೂ ಬೇಕಾದವೇ. ಅಮೆರಿಕದ ನಿಯಮದಂತೆ ಮೇಯನೇಸ್ ಎಂದು ಮಾರಬೇಕಾದರೆ ತೂಕದಲ್ಲಿ ಕನಿಷ್ಠ ಶೇ. 65 ಎಣ್ಣೆ ಇರಬೇಕು. ಅದೂ ಹಳದಿಯ ನೆರವಿನಿಂದ ಸಣ್ಣ ಹನಿಗಳಾಗಿ ಒಡೆದು ನಿಂತ ಎಣ್ಣೆ. ಅದು ಹಿಟ್ಟಿನಲ್ಲಿ ಒಂದೇ ಸಮನಾಗಿ ಹರಡುತ್ತದೆ, ಕೇಕು ಹದವಾಗುತ್ತದೆ.

ನಮ್ಮಲ್ಲಿ ಈ ಕೇಕು ಕೆಡುವುದು ಶೀಶೆಯಿಂದ. ಇಲ್ಲಿ ಹೆಚ್ಚು ಮಾರಾಟವಾಗುವುದು ಮೊಟ್ಟೆಯಿಲ್ಲದ ‘ವೆಜ್ ಮೇಯೋ’. ಅದರಲ್ಲಿ ಎಣ್ಣೆ ಕಡಿಮೆ, ನೀರು ಮತ್ತು ಪಿಷ್ಟ ಜಾಸ್ತಿ. ಕೆಲವದರಲ್ಲಿ ಬೆಳ್ಳುಳ್ಳಿಯೂ ಇರುತ್ತದೆ. ಚಾಕೊಲೇಟ್ ಕೇಕಿನಲ್ಲಿ ಬೆಳ್ಳುಳ್ಳಿ ಯಾವ ಮಸಾಲೆಗೂ ಅಡಗುವುದಿಲ್ಲ. ಸ್ಯಾಂಡ್‌ವಿಚ್ಚಿಗೆ ಅದು ಇರಲಿ, ಕೇಕಿಗೆ ಬೇಡ. ನನ್ನನ್ನು ಕೇಳಿದರೆ, ಮೊಟ್ಟೆಯಿರುವ ಒಳ್ಳೆಯ ಮೇಯನೇಸ್ ಮನೆಯಲ್ಲಿ ಉಳಿದಿದ್ದರೆ ಮಾತ್ರ ಈ ಕೇಕು ಮಾಡಿ. ಅದಕ್ಕೆಂದೇ ದುಡ್ಡು ಕೊಟ್ಟು ತರುವುದಾದರೆ ಎಣ್ಣೆ ಮತ್ತು ಮೊಟ್ಟೆಯೇ ಅಗ್ಗ.

ಇನ್ನು ಸೂಪಿಗೆ ಬರೋಣ. ಟೊಮೇಟೊ ಸೂಪಿನ ಕೇಕ್ ಆರ್ಥಿಕ ಕುಸಿತದ ಕಾಲದ ಮನೆಗಳಲ್ಲೇ ಬಳಕೆಯಲ್ಲಿತ್ತು; ಅದರ ಹಳೆಯ ರೂಪಗಳಲ್ಲಿ ಹಲವಕ್ಕೆ ಮೊಟ್ಟೆಯೂ ಇಲ್ಲ. ಕ್ಯಾಂಪ್‌ಬೆಲ್ ಕಂಪನಿ 1960ರಲ್ಲಿ ಅದನ್ನು ಡಬ್ಬಿಯ ಮೇಲೆಯೇ ಅಚ್ಚು ಹಾಕಿಸಿತು. ಚಾಕೊಲೇಟಿನ ಹಂಗಿಲ್ಲದ ಮಸಾಲೆ ಕೇಕು ಇದು: ಚಕ್ಕೆ, ಲವಂಗ, ಜಾಯಿಕಾಯಿ, ಒಣದ್ರಾಕ್ಷಿ, ಅಕ್ರೋಟು. ಸೂಪು ಇಲ್ಲಿ ಹಾಲಿನ ಜಾಗದಲ್ಲಿ ನಿಂತು ನೀರನ್ನೂ ಹುಳಿಯನ್ನೂ ಬಣ್ಣವನ್ನೂ ಒಟ್ಟಿಗೆ ಕೊಡುತ್ತದೆ. ಸೋಡಾ ಆ ಹುಳಿಯನ್ನು ತಿಂದುಹಾಕುವುದರಿಂದ ತಿನ್ನುವವರಿಗೆ ಟೊಮೇಟೊ ಗೊತ್ತಾಗುವುದೇ ಇಲ್ಲ.

ಅಮೆರಿಕದ ಆ ಡಬ್ಬಿ ಸುಮಾರು 305 ಗ್ರಾಮಿನದು. ಒಳಗಿರುವುದು ನೀರು ಬೆರೆಸದ ಗಟ್ಟಿ ಸೂಪು. ಅದರ ಬದಲು ನಮ್ಮ ಸೂಪ್ ಪುಡಿಯ ಪೊಟ್ಟಣ ಒಡೆಯಬೇಡಿ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಜೋಳದ ಪಿಷ್ಟ ಇರುತ್ತವೆ. ಮುಕ್ಕಾಲು ಕಿಲೋ ಹಣ್ಣಾದ ಟೊಮೇಟೊ ಬೇಯಿಸಿ, ರುಬ್ಬಿ, ಸೋಸಿ, 280 ಗ್ರಾಮಿಗೆ ಇಳಿಯುವವರೆಗೆ ಬತ್ತಿಸಿ. 2 ಟೇಬಲ್ ಚಮಚ ಸಕ್ಕರೆ, ಚಿಟಿಕೆ ಉಪ್ಪು, 1 ಟೇಬಲ್ ಚಮಚ ಮೈದಾ ಸೇರಿಸಿ ಒಂದು ಕುದಿ ಬರಿಸಿದರೆ ಡಬ್ಬಿಗೆ ಬದಲಿ ಸಿದ್ಧ. ನಾಟಿ ಟೊಮೇಟೊ ಸಿಕ್ಕರೆ ಬಿಡಬೇಡಿ, ಅದರ ಹುಳಿಯೇ ಇಲ್ಲಿ ಬಂಡವಾಳ. ಪೂರ್ತಿ ಆರಿದ ಮೇಲೆ 1 ಟೀ ಚಮಚ ಸೋಡಾ ಹಾಕಿ ಕಲಕಿ. ಉಕ್ಕಿ ಬರುವ ನೊರೆಗೆ ಜಾಗ ಬೇಕು, ಆದ್ದರಿಂದ ಪಾತ್ರೆ ದೊಡ್ಡದಿರಲಿ. ಇದನ್ನು 115 ಗ್ರಾಂ ಬೆಣ್ಣೆ ಮತ್ತು 200 ಗ್ರಾಂ ಸಕ್ಕರೆಯನ್ನು ನೊರೆಯಾಗುವಂತೆ ಕಡೆದ ಮಿಶ್ರಣಕ್ಕೆ, 250 ಗ್ರಾಂ ಮೈದಾದೊಂದಿಗೆ ಸರದಿಯಂತೆ ಬೆರೆಸಿ, 175 ಡಿಗ್ರಿಯಲ್ಲಿ ಬೇಯಿಸಿ. ಚಕ್ಕೆ ಪುಡಿ ಒಂದು ಟೀ ಚಮಚ ಹಿಡಿಯುತ್ತದೆ, ಲವಂಗದ ಪುಡಿ ಕಾಲು ಚಮಚ ದಾಟಬಾರದು. ಹಳೆಯ ಪಾಕವಿಧಾನಗಳಲ್ಲಿ ಬೆಣ್ಣೆಯ ಜಾಗದಲ್ಲಿ ಶಾರ್ಟನಿಂಗ್ ಇರುತ್ತದೆ. ನಮ್ಮ ವನಸ್ಪತಿ ಅದರ ಬಂಧುವೇ, ಆದರೆ ಅಂಗುಳಕ್ಕೆ ಮೇಣದಂತೆ ಅಂಟುವುದರಿಂದ ನಾನು ಬಳಸುವುದಿಲ್ಲ. ಈ ಕೇಕನ್ನು ಮಾಡಿದ ದಿನ ಕತ್ತರಿಸಬೇಡಿ. ರಾತ್ರಿ ಕಳೆದರೆ ಮಸಾಲೆ ಹದಕ್ಕೆ ಬರುತ್ತದೆ.

ಇವುಗಳಲ್ಲಿ ನಮ್ಮ ಕಸುಬನ್ನೇ ಬದಲಿಸಿದ ವಸ್ತು ಯಾವುದು ಎಂದರೆ ಸಾದಾ ಅಡುಗೆ ಎಣ್ಣೆ. ಲಾಸ್ ಏಂಜಲೀಸಿನ ಹ್ಯಾರಿ ಬೇಕರ್ ಎಂಬ ವಿಮಾ ಏಜೆಂಟ್ 1927ರಲ್ಲಿ ಒಂದು ಹಗುರ ಕೇಕು ಕಂಡುಹಿಡಿದ. ಹಾಲಿವುಡ್ಡಿನ ಸಿರಿವಂತರಿಗೆ ಅದನ್ನು ಮಾಡಿ ಮಾರುತ್ತ, ಗುಟ್ಟನ್ನು ಸುಮಾರು ಇಪ್ಪತ್ತು ವರ್ಷ ಬಿಡಲಿಲ್ಲ. ಕೊನೆಗೆ 1947ರಲ್ಲಿ ಜನರಲ್ ಮಿಲ್ಸ್ ಕಂಪನಿಗೆ ಮಾರಿದ; 1948ರಲ್ಲಿ ಅದು ಶಿಫಾನ್ ಕೇಕ್ ಎಂಬ ಹೆಸರಿನಲ್ಲಿ ದೇಶದ ಮುಂದೆ ಬಂತು. ಗುಟ್ಟು ಏನು? ಬೆಣ್ಣೆಯ ಬದಲು ಎಣ್ಣೆ, ಜೊತೆಗೆ ಬೇರೆಯಾಗಿ ಕಡೆದ ಮೊಟ್ಟೆಯ ಬಿಳಿ. ಬೆಣ್ಣೆ ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ತಾಜಾ ಕೆನೆ ಸವರಿ ಗಾಜಿನ ಶೀತಪೆಟ್ಟಿಗೆಯಲ್ಲಿ ಇಡುವ ಕೇಕಿಗೆ ಎಣ್ಣೆಯ ಸ್ಪಾಂಜು ಒಗ್ಗುವುದು ಇದಕ್ಕೇ. ಎಣ್ಣೆ ಹಾಕಿದ್ದು ಬರೀ ಜಿಪುಣತನ ಎಂದು ಬೇಕರಿಯವರನ್ನು ಬೈಯುವವರು ಬೆಣ್ಣೆಯ ಕೇಕನ್ನು ಫ್ರಿಜ್ಜಿನಿಂದ ತೆಗೆದು ನೇರವಾಗಿ ತಿಂದು ನೋಡಲಿ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ವಾಸನೆ ಬಿಡುತ್ತವೆ. ಸೂರ್ಯಕಾಂತಿ ಎಣ್ಣೆ ಸಾಕು.

ಉಳಿದವುಗಳ ಬಗ್ಗೆ ಎರಡೇ ಮಾತು. ಹುಳಿ ಎಲೆಕೋಸನ್ನು ಚೆನ್ನಾಗಿ ತೊಳೆದು ಹಿಂಡಿ ಸಣ್ಣಗೆ ಹೆಚ್ಚಿ ಚಾಕೊಲೇಟ್ ಕೇಕಿಗೆ ಹಾಕಿದರೆ ತಿಂದವರು ಕೊಬ್ಬರಿ ಎಂದುಕೊಳ್ಳುತ್ತಾರೆ. ತೆಂಗಿನಕಾಯಿಯೇ ಮನೆಯಲ್ಲಿ ಬಿದ್ದಿರುವ ನಾವು ಆ ಸುತ್ತುದಾರಿ ಹಿಡಿಯಬೇಕಿಲ್ಲ. ಹಿಸುಕಿದ ಆಲೂಗಡ್ಡೆ ನಿಜಕ್ಕೂ ಉಪಯೋಗಿ: ಅದರ ಪಿಷ್ಟ ನೀರನ್ನು ಹಿಡಿದಿಟ್ಟು ಕೇಕನ್ನು ದಿನಗಟ್ಟಲೆ ಒಣಗಲು ಬಿಡುವುದಿಲ್ಲ. ಸೆವೆನ್ ಅಪ್ ಹಾಕುವ ಪೌಂಡ್ ಕೇಕಿನ ಬಗ್ಗೆ ಮಾತ್ರ ನನಗೆ ಗೌರವ ಕಡಿಮೆ. ಅದರ ಗುಳ್ಳೆಗಳು ಕಲಸುವಾಗಲೇ ಸತ್ತುಹೋಗುತ್ತವೆ, ಉಬ್ಬುವುದು ಕಡೆದ ಬೆಣ್ಣೆ ಮತ್ತು ಐದು ಮೊಟ್ಟೆಯ ಬಲದಿಂದ. ಸಕ್ಕರೆ ನೀರಿಗೆ ನಿಂಬೆರಸ ಹಿಂಡಿದರೂ ಅದೇ ಫಲ.

ಇಂಥ ಹಳೆಯ ಪಾಕವಿಧಾನ ಯಾವುದಾದರೂ ಕೈಗೆ ಸಿಕ್ಕರೆ ಅಳತೆಗಳನ್ನು ಮೊದಲು ಗ್ರಾಮಿಗೆ ತಿರುಗಿಸಿಕೊಳ್ಳಿ. ಅವರ ಕಪ್ಪು ಸುಮಾರು 240 ಮಿಲಿ. ನಮ್ಮ ಅಂಗಡಿಗಳ ಕಪ್ಪುಗಳಲ್ಲಿ 200 ಮಿಲಿಯವೂ ಇವೆ, 250ರವೂ ಇವೆ. ಒಂದು ಕಪ್ ಮೈದಾ 125 ಗ್ರಾಂ, ಒಂದು ಸ್ಟಿಕ್ ಬೆಣ್ಣೆ 113 ಗ್ರಾಂ. ಒಲಿಯೊ ಎಂದಿದ್ದರೆ ಮಾರ್ಗರೀನ್, ಬೆಣ್ಣೆಯನ್ನೇ ಹಾಕಿ. 350 ಎಂದಿರುವುದು ಫ್ಯಾರನ್‌ಹೀಟ್. ಅಂಕಿಯನ್ನೇ ಕೊಡದೆ ‘ಮಧ್ಯಮ ಓವನ್’ ಎಂದಷ್ಟೇ ಬರೆದಿದ್ದರೂ 175ರಿಂದ 180 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ನಿಶ್ಚಿಂತೆಯಿಂದ ಬೇಯಿಸಬಹುದು.