ಮೊದಲು ಗುಂಡು ಹಾರಿಸಿದ್ದು ಯಾರು? ಬಾಹ್ಯಾಕಾಶದ ಆಟಗಳಲ್ಲಿ ದೂರು ಮತ್ತು ಆತ್ಮರಕ್ಷಣೆ

ಬೈಲಹೊಂಗಲ ಕಡೆಯ ನಮ್ಮೂರಲ್ಲಿ ಬದುವಿನ ಜಗಳ ಕಟ್ಟೆಗೆ ಬಂದರೆ ಹಿರಿಯರು ಎರಡು ಪ್ರಶ್ನೆ ಕೇಳುತ್ತಾರೆ. ‘ಮೊದಲ ಕೈ ಎತ್ತಿದಾಂವ ಯಾರು?’ ಆಮೇಲೆ, ‘ಅದಕ್ಕೂ ಮೊದಲ ಏನಾಗಿತ್ತು?’ ಮಲ್ಟಿಪ್ಲೇಯರ್ ಬಾಹ್ಯಾಕಾಶ ಆಟಗಳು ಮೊದಲ ಪ್ರಶ್ನೆಯನ್ನು ಚೆನ್ನಾಗಿ ಕೇಳುತ್ತವೆ. ಎರಡನೆಯದನ್ನು ಕೇಳುವುದೇ ಇಲ್ಲ. ಈ ಟಿಪ್ಪಣಿ ಬರೆದಿದ್ದು ಅದಕ್ಕೇ.

ಬೆಳಗಾವಿಯ ತಿಲಕವಾಡಿಯಲ್ಲಿ ನಾವು ಮೂವರು ಒಂದೇ ರೂಮಿನಲ್ಲಿದ್ದೇವೆ. ಇಬ್ಬರದು ಎಲ್‌ಎಲ್‌ಬಿ, ಒಬ್ಬನದು ಕಂಪ್ಯೂಟರ್ ಸೈನ್ಸ್. ಹಗಲು ಕಲಂಗಳನ್ನು ಬಾಯಿಪಾಠ ಮಾಡುತ್ತೇವೆ, ರಾತ್ರಿ ಹಡಗು ಓಡಿಸುತ್ತೇವೆ. ಎರಡೂ ಒಂದೇ ವಿಷಯ ಅಂತ ಗೊತ್ತಾಗಲು ನಾನು ಒಮ್ಮೆ ಅಪರಾಧಿಯಾಗಬೇಕಾಯಿತು.

ನಾವು ಆಡುತ್ತಿದ್ದ ಒಂದು ಆಟದಲ್ಲಿ ದೂರಿಗೆ ಒಂದು ಸ್ವಿಚ್ ಇತ್ತು. ಅದು ಆನ್ ಇದ್ದರೆ ನಿಮ್ಮ ಮೇಲೆ ದಾಳಿ ಮಾಡಿದವನ ಹೆಸರು ತಾನಾಗಿ ದಾಖಲಾಗುತ್ತದೆ. ರೂಮ್‌ಮೇಟ್ ಜೊತೆ ಗುರಿ ಅಭ್ಯಾಸ ಮಾಡಲು ನಾನು ಅದನ್ನು ಆಫ್ ಮಾಡಿದ್ದೆ. ಇಲ್ಲದಿದ್ದರೆ ಅವನ ತಲೆ ಮೇಲೆ ಬಹುಮಾನ ಬೀಳುತ್ತಿತ್ತು. ಮರುದಿನ ಮತ್ತೆ ಆನ್ ಮಾಡಲು ಮರೆತೆ. ಯಾರೋ ಅಪರಿಚಿತ ಬಂದು ಹೊಡೆದ. ನಾನೂ ತಿರುಗಿಸಿ ಹೊಡೆದೆ. ಅವನ ಮೇಲೆ ದೂರೇ ಇಲ್ಲ, ಹಾಗಾಗಿ ದಾಖಲೆಯಲ್ಲಿ ಅವನು ಸಂಭಾವಿತ. ಅವನ ಸ್ವಿಚ್ ಮಾತ್ರ ಆನ್ ಇತ್ತು. ಕಾವಲು ಹಡಗುಗಳು ಬಂದು ನನ್ನನ್ನೇ ಉಡಾಯಿಸಿದವು. ‘ಲೇ, ನೀನೇ ಬಾಗಿಲ ತಗದಿಟ್ಟು ಕಳ್ಳ ಬಂದ ಅಂತೀಯಲ್ಲ’ ಎಂದು ರೂಮ್‌ಮೇಟ್ ನಕ್ಕ.

ಆದರೆ ಬಾಗಿಲು ತೆರೆದಿಟ್ಟರೆ ಕಳ್ಳತನ ಕಳ್ಳತನವಲ್ಲ ಅಂತ ಯಾವ ಕಾನೂನು ಹೇಳುತ್ತದೆ?

ದೂರು ಯಾರ ಕೈಯಲ್ಲಿದೆ

2014ರಲ್ಲಿ ಬಂದ ಎಲೀಟ್ ಡೇಂಜರಸ್ ಎಂಬ ಆಟದಲ್ಲಿ ಇಂಥ ಸ್ವಿಚ್ ಇದೆ. ‘ನನ್ನ ಮೇಲಿನ ಅಪರಾಧಗಳನ್ನು ವರದಿ ಮಾಡು’ ಅನ್ನುವುದು ಅದರ ಅರ್ಥ. ಗೆಳೆಯರ ನಡುವಿನ ಪಂದ್ಯಕ್ಕೆ ಇದು ಬಹಳ ಅನುಕೂಲ, ಕುಸ್ತಿ ಅಖಾಡದಲ್ಲಿ ಇಳಿದವನು ಪೆಟ್ಟು ತಿನ್ನಲು ಒಪ್ಪಿಕೊಂಡಂತೆ. ಸ್ಟಾರ್ ಸಿಟಿಜನ್ ಎಂಬ ಇನ್ನೊಂದು ಆಟದಲ್ಲಿ ಕೆಲವು ಅಪರಾಧಗಳಿಗೆ ಪೆಟ್ಟು ತಿಂದವನನ್ನೇ ದೂರು ಕೊಡುತ್ತೀಯಾ ಎಂದು ಕೇಳುವ ವ್ಯವಸ್ಥೆ ಬಂತು.

ನಮ್ಮ ಕಾನೂನಿಗೂ ಈ ಯೋಚನೆ ಹೊಸದಲ್ಲ. ಸಣ್ಣ ಪೆಟ್ಟಿನ ಕೇಸುಗಳನ್ನು ರಾಜಿ ಮಾಡಿಕೊಳ್ಳಬಹುದು. ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 359ರಲ್ಲಿ ಆ ಪಟ್ಟಿ ಇದೆ. ಕೊಲೆ ಆ ಪಟ್ಟಿಯಲ್ಲಿಲ್ಲ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಎಫ್‌ಐಆರ್‌ಗೆ ಮಾಹಿತಿ ಕೊಡುವವನು ಪೆಟ್ಟು ತಿಂದವನೇ ಆಗಿರಬೇಕಿಲ್ಲ. ಕಂಡವರು ಯಾರಾದರೂ ಕೊಡಬಹುದು, ಕಲಂ 173 ಅಷ್ಟು ಅಗಲವಾಗಿದೆ. ಸ್ವಿಚ್ ಇರುವ ಆಟದಲ್ಲಿ ಹತ್ತು ಜನ ನೋಡುತ್ತಿದ್ದರೂ ಅವರ ಸಾಕ್ಷಿಗೆ ಬೆಲೆಯಿಲ್ಲ. ಒಪ್ಪಿಗೆ ಮತ್ತು ಮರೆವು, ಎರಡನ್ನೂ ಯಂತ್ರ ಒಂದೇ ಗುಂಡಿಯಿಂದ ಓದುತ್ತದೆ. ಪಂದ್ಯ ಮುಗಿದ ಮೇಲೆ ಸ್ವಿಚ್ ತಾನಾಗಿ ಆನ್ ಆಗುವಂತೆ ಮಾಡಿದ್ದರೆ ನನ್ನ ಹಡಗು ಉಳಿಯುತ್ತಿತ್ತು. ಹೌದು, ಇದರಲ್ಲಿ ನನ್ನ ಹೊಟ್ಟೆಯುರಿಯೂ ಸ್ವಲ್ಪ ಇದೆ.

ಸ್ಟಾರ್ ಸಿಟಿಜನ್‌ನಲ್ಲಿ ಇನ್ನೊಂದು ಮಜಾ ಇದೆ. ಅಪರಾಧ ದಾಖಲಾಗಬೇಕಾದರೆ ಆ ಜಾಗಕ್ಕೆ ಸಂಪರ್ಕ ಕೇಂದ್ರದ ಕಣ್ಗಾವಲು ಇರಬೇಕು. ಕೇಂದ್ರವನ್ನೇ ಬಂದ್ ಮಾಡಿದರೆ ಸುತ್ತಲಿನ ಜಾಗದಲ್ಲಿ ಏನು ಮಾಡಿದರೂ ಲೆಕ್ಕಕ್ಕಿಲ್ಲ. ಖಾನಾಪುರದ ಕಾಡೊಳಗೆ ಟವರ್ ಸಿಗದ ಕಡೆ ನಿಂತ ಹಾಗೆ. ಇದನ್ನು ನಾನು ಅನ್ಯಾಯ ಅನ್ನುವುದಿಲ್ಲ. ಆ ಕಾಡಿಗೆ ಹೋಗುವವನಿಗೆ ಮೊದಲೇ ಗೊತ್ತಿರುತ್ತದೆ, ಅಲ್ವಾ?

ಪೊಲೀಸ್ ಬರುತ್ತಾರೆ, ಆದರೆ ಆಮೇಲೆ

2003ರ ಈವ್ ಆನ್‌ಲೈನ್ ಈ ವಿಷಯದಲ್ಲಿ ಎಲ್ಲರಿಗಿಂತ ನೇರ. ಪ್ರತಿ ನಕ್ಷತ್ರ ವ್ಯವಸ್ಥೆಗೂ 1.0ರಿಂದ ಕೆಳಗೆ ಭದ್ರತೆಯ ಅಂಕಿ ಇರುತ್ತದೆ. 0.5 ಮತ್ತು ಮೇಲಿದ್ದರೆ ಕಾನ್‌ಕಾರ್ಡ್ ಎಂಬ ಪೊಲೀಸ್ ಪಡೆ ತಪ್ಪಿತಸ್ಥನ ಹಡಗನ್ನು ಖಂಡಿತ ನಾಶ ಮಾಡುತ್ತದೆ. 1.0ರಲ್ಲಿ ಬೇಗ ಬರುತ್ತದೆ, 0.5ರಲ್ಲಿ ತಡ. ಆ ಕೆಲವು ಸೆಕೆಂಡುಗಳೇ ದಂಧೆ. ಅಗ್ಗದ ಹಡಗುಗಳಲ್ಲಿ ನಾಲ್ಕೈದು ಜನ ಬಂದು ಸರಕಿನ ಹಡಗನ್ನು ಒಡೆಯುತ್ತಾರೆ. ತಮ್ಮ ಹಡಗು ಹೋಗುತ್ತದೆ ಅಂತ ಗೊತ್ತಿದ್ದೇ ಬಂದಿರುತ್ತಾರೆ. ಸರಕಿನ ಬೆಲೆ ಅದಕ್ಕಿಂತ ಜಾಸ್ತಿ, ಅದನ್ನು ಬಾಚಿಕೊಳ್ಳಲು ಬೇರೊಬ್ಬ ಕಾದಿರುತ್ತಾನೆ. ಅಂದರೆ ಇಲ್ಲಿ ದಂಡ ಅನ್ನುವುದು ಸುಮ್ನೆ ಒಂದು ಖರ್ಚು.

2012ರ ಡಿಸೆಂಬರ್‌ನಲ್ಲಿ ಈ ಆಟದ ಅಪರಾಧ ನಿಯಮಗಳನ್ನು ಹೊಸದಾಗಿ ಕಟ್ಟಿದರು. ಕದ್ದವನು ‘ಶಂಕಿತ’ನಾಗುತ್ತಾನೆ, 15 ನಿಮಿಷ ಯಾರು ಬೇಕಾದರೂ ಅವನಿಗೆ ಹೊಡೆಯಬಹುದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ನೀವು ಹೊಡೆದ ಕ್ಷಣ ನಿಮ್ಮಿಬ್ಬರ ನಡುವೆ ಸೀಮಿತ ಕಾಳಗ ಶುರುವಾಗುತ್ತದೆ. ಅದಕ್ಕೆ 5 ನಿಮಿಷದ ಗಡಿಯಾರ. ಈಗ ಶಂಕಿತನೂ ನಿಮಗೆ ಕಾನೂನುಬದ್ಧವಾಗಿ ಹೊಡೆಯಬಹುದು. ಪಳಗಿದವರು ಇದನ್ನೇ ಗಾಳವಾಗಿ ಹಾಕುತ್ತಾರೆ. ಹೊಸಬನ ಮುಂದೆ ಚೂರು ಕದಿಯುತ್ತಾರೆ, ಅವನು ಸಿಟ್ಟಿನಿಂದ ಗುಂಡು ಹಾರಿಸಲಿ ಎಂದು ಕಾಯುತ್ತಾರೆ.

ಓದುವವರು ಇಲ್ಲಿ ನಿಲ್ಲಿ. ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 35 ದೇಹದ ಜೊತೆ ಆಸ್ತಿಯನ್ನೂ ಕಾಪಾಡಿಕೊಳ್ಳುವ ಹಕ್ಕು ಕೊಡುತ್ತದೆ. ತನ್ನ ಸ್ವತ್ತು ಉಳಿಸಿಕೊಳ್ಳಲು ಹೊಡೆದವನ ಕೆಲಸ ಅಪರಾಧವೇ ಅಲ್ಲ ಅಂದ ಮೇಲೆ, ಕಳ್ಳನಿಗೆ ಅವನ ವಿರುದ್ಧ ಆತ್ಮರಕ್ಷಣೆ ಎಲ್ಲಿಂದ ಬಂತು? ನಮ್ಮಲ್ಲಿ ಬರುವುದಿಲ್ಲ, ಮಾಲೀಕ ಮಿತಿ ದಾಟಿದರೆ ಮಾತ್ರ ಮಾತು ಬೇರೆ. ಆ ಮಿತಿ ಕಲಂ 37ರಲ್ಲಿದೆ: ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ಮೊರೆ ಹೋಗಲು ಸಮಯವಿದ್ದರೆ ಹಕ್ಕೇ ಇಲ್ಲ. ಇವು 1860ರ ಐಪಿಸಿಯ 97 ಮತ್ತು 99ನೇ ಕಲಂಗಳು. 2024ರ ಜುಲೈ 1ರಿಂದ ನಂಬರ್ ಬದಲಾಗಿದೆ. ಹಳೆಯ ಗೈಡ್ ಇಟ್ಟುಕೊಂಡವರು ಪರೀಕ್ಷೆಯಲ್ಲಿ ಎಡವಬೇಡಿ.

ಭಯ ಎಲ್ಲಿಂದ ಶುರು

ಎಲ್ಲಕ್ಕಿಂತ ದೊಡ್ಡ ಅಂತರ ನ್ಯಾಯ ಸಂಹಿತೆಯ ಕಲಂ 40ರಲ್ಲಿ ಕಾಣುತ್ತದೆ. ಹಕ್ಕು ಶುರುವಾಗುವುದು ಪೆಟ್ಟು ಬಿದ್ದಾಗ ಅಲ್ಲ. ಬೆದರಿಕೆಯಿಂದಲೋ ಪ್ರಯತ್ನದಿಂದಲೋ ಅಪಾಯದ ಸಕಾರಣ ಭಯ ಹುಟ್ಟಿದ ಕೂಡಲೇ ಶುರು. ಆ ಭಯ ಇರುವವರೆಗೆ ಹಕ್ಕೂ ಇರುತ್ತದೆ. 2010ರಲ್ಲಿ ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಕುಡುಗೋಲು ಎತ್ತಿ ಬರುವವನು ಬೀಸುವ ತನಕ ಕಾಯಬೇಕಿಲ್ಲ.

ಆಟದಲ್ಲಿ ಕಾಯಲೇಬೇಕು. ಅಲ್ಲಿ ಭಯಕ್ಕೆ ಅಳತೆಯಿಲ್ಲ, ಹಾರಿದ ಗುಂಡಿಗೆ ಮಾತ್ರ ಲೆಕ್ಕ. ಭಯ ಮುಗಿದದ್ದೂ ಯಂತ್ರಕ್ಕೆ ತಿಳಿಯದು, ಅದಕ್ಕೇ ಗಡಿಯಾರ ಕಟ್ಟುತ್ತಾರೆ. ಓಡಿಹೋಗುತ್ತಿರುವವನಿಗೂ ನಾಲ್ಕನೇ ನಿಮಿಷದಲ್ಲಿ ಹೊಡೆಯಬಹುದು. ನಮ್ಮ ಕೋರ್ಟಿನಲ್ಲಿ ಅದಕ್ಕೆ ಆತ್ಮರಕ್ಷಣೆ ಅನ್ನುವುದಿಲ್ಲ.

ಉದ್ದೇಶ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎಲೀಟ್‌ನ ನಿಲ್ದಾಣಗಳೇ ಉದಾಹರಣೆ. ನಿಲ್ದಾಣದ ಹತ್ತಿರ ಸೆಕೆಂಡಿಗೆ 100 ಮೀಟರ್ ವೇಗಮಿತಿ. ಮಿತಿ ಮೀರಿ ಡಿಕ್ಕಿಯಾದರೆ ತಪ್ಪು ವೇಗವಾಗಿ ಬಂದವನದು. ಕೆಲವರು ಪುಟ್ಟ ಹಡಗಿನಲ್ಲಿ ಬೇಕಂತಲೇ ಹೋಗಿ, ಅವಸರದಲ್ಲಿರುವ ದೊಡ್ಡ ಹಡಗಿಗೆ ಗುದ್ದಿಕೊಂಡು ಸಾಯುತ್ತಿದ್ದರು. ಕೊಲೆಯ ಹೆಸರು ದೊಡ್ಡವನಿಗೆ. ನಮ್ಮ ರಸ್ತೆಯ ಮೇಲೂ ಹಂಗೇ. ಬೈಕಿನವನು ಬಂದು ಕಬ್ಬಿನ ಟ್ರ್ಯಾಕ್ಟರ್‌ಗೆ ಗುದ್ದಿದರೂ ಸೇರಿದ ಜನ ಹಿಡಿಯುವುದು ಟ್ರ್ಯಾಕ್ಟರ್ ಡ್ರೈವರ್‌ನನ್ನೇ. 2018ರಲ್ಲಿ ಆ ಆಟಕ್ಕೆ ‘ಕುಖ್ಯಾತಿ’ಯ ಅಂಕ ಸೇರಿತು. ಕೊಲೆಗೆ ಅಂಕ ಏರುತ್ತದೆ, ಆಡಿದ ಎರಡು ಗಂಟೆಗೆ ಒಂದರಂತೆ ಇಳಿಯುತ್ತದೆ, ಅಂಕ ಇರುವ ತನಕ ದುಡ್ಡು ಕಟ್ಟಿ ಪಾರಾಗುವಂತಿಲ್ಲ. ಶಿಕ್ಷೆಯ ಮಟ್ಟಿಗೆ ಇದು ಒಳ್ಳೆಯ ಯೋಚನೆ. ಆದರೆ ತಪ್ಪು ಯಾರದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ರೂಮಿನಲ್ಲಿ ಹಾಕಿಕೊಂಡ ಲೆಕ್ಕ

ಒಬ್ಬ ವ್ಯಾಪಾರಿಯ ಹಡಗಿನ ತುಂಬ ಸರಕು. ಮೂರು ಕಡೆಯಿಂದ ಮೂರು ಹಡಗು ಬಂದವು. ಆಯುಧ ಹೊರಗೆ, ಗುರಿ ಅವನ ಮೇಲೆ. ‘ಒಂದು ನಿಮಿಷದಲ್ಲಿ ಸರಕು ಚೆಲ್ಲು’ ಎಂದು ಚಾಟ್‌ನಲ್ಲಿ ಬರೆದರು. ಯಾರೂ ಹೊಡೆದಿಲ್ಲ. ವ್ಯಾಪಾರಿ ಮೊದಲು ಹೊಡೆದ.

ಕಲಂ 40ರ ಪ್ರಕಾರ ಅವನು ಬಚಾವ್ ಅಂತ ನಾನು ವಾದಿಸಿದೆ. ಕಂಪ್ಯೂಟರ್ ಸೈನ್ಸ್‌ನವನು ಲ್ಯಾಪ್‌ಟಾಪ್ ತೆರೆದ. ‘ಆತು, ನಿಯಮ ಬರಕೊಡು. ನಾ ಕೋಡ್ ಮಾಡ್ತೇನಿ.’

ಬರೆದೆ: ಆಯುಧ ಹೊರಗಿದ್ದು, ಗುರಿ ಲಾಕ್ ಆಗಿದ್ದರೆ, ಎದುರಿನವನಿಗೆ ಮೊದಲು ಹೊಡೆಯುವ ಹಕ್ಕು.

‘ತಲಿ ಮ್ಯಾಲೆ ಬಹುಮಾನ ಇದ್ದಾಂವನ್ನ ಹುಡುಕಾಂವಗೂ ಆಯುಧ ಹೊರಗೇ ಇರತೈತಿ. ಸ್ಕ್ಯಾನ್ ಮಾಡಾಕ ಅಂವ ಲಾಕ್ ಮಾಡಲೇಬೇಕು. ಅಂವನ್ನ ಉಡಾಯಿಸಿ ಆತ್ಮರಕ್ಷಣೆ ಅಂದ್ರ?’

ಚಾಟ್‌ನಲ್ಲಿ ಬೆದರಿಕೆಯೂ ಇರಬೇಕು ಎಂದು ಸೇರಿಸಿದೆ. ‘ಕನ್ನಡದಾಗ ಬೈದ್ರ ಯಂತ್ರಕ್ಕ ತಿಳೀತದೇನು?’ ಎಂದ.

ದೂರವನ್ನೂ ಲೆಕ್ಕಕ್ಕೆ ತೆಗೆದುಕೊಂಡೆ. ಅದಕ್ಕೂ ಅವನ ಹತ್ತಿರ ಉತ್ತರ ಇತ್ತು. ಮೂರು ಸಲ ಹೊಡೆದು ಹಾಕಿದ ಆ ಹಾಳೆ ಇನ್ನೂ ನಮ್ಮ ಗೋಡೆ ಮೇಲಿದೆ. ಕೆಳಗೆ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದೇವೆ.