ಲಕೋಟೆ ಒಡೆಯುವ ಮುನ್ನ

ರಾತ್ರಿ ಒಂದೂವರೆ ಗಂಟೆಗೆ ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು ರೋಗಿಯ ಕಡೆಯವರಿಗೆ ಸಂಶೋಧನೆಯ ಒಪ್ಪಿಗೆ ಪತ್ರವನ್ನು ಓದಿ ಹೇಳುವುದಕ್ಕಿಂತ, ಒಳಗೆ ಹೋಗಿ ಮೆದುಳಿನ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವುದೇ ಎಷ್ಟೋ ಸುಲಭ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಒಳಗೆ ಬೇಕಾದದ್ದೆಲ್ಲ ಅಂಕಿಗಳಲ್ಲಿ ಕಣ್ಣೆದುರಿಗೆ ಇರುತ್ತದೆ. ಹೊರಗೆ ಒಬ್ಬ ಅಣ್ಣ ಇರುತ್ತಾನೆ, ಪಕ್ಕದಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡ ತಾಯಿ ಇರುತ್ತಾರೆ, ಮತ್ತು ಹದಿನೈದು ವರ್ಷಗಳಿಂದ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಬರುವ ಒಂದು ಪ್ರಶ್ನೆ ಇರುತ್ತದೆ: "ನಿಮ್ ತಮ್ಮನೇ ಆಗಿದ್ದಿದ್ರೆ ನೀವು ಯಾವ್ದು ಕೊಡ್ತಿದ್ರಿ ಸಾರ್?"

ಆ ರಾತ್ರಿಯ ಹುಡುಗ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು, ಮೆದುಳಿನ ಹೊದಿಕೆಯ ಕೆಳಗೆ ರಕ್ತ ಹೆಪ್ಪುಗಟ್ಟಿಸಿಕೊಂಡು ಬಂದಿದ್ದ. ಹೆಪ್ಪನ್ನು ತೆಗೆಯಲು ತಲೆಬುರುಡೆ ತೆರೆಯುವಾಗ ಊದಿಕೊಂಡ ಮೆದುಳು ಸ್ವಲ್ಪ ಇಳಿದಿರಬೇಕು. ಅದಕ್ಕೆ ನಾವು ಶೇಕಡಾ 20ರ ಮ್ಯಾನಿಟಾಲ್ ಅಥವಾ ಶೇಕಡಾ 3ರ ಉಪ್ಪಿನ ದ್ರಾವಣವನ್ನು ರಕ್ತನಾಳದ ಮೂಲಕ ಕೊಡುತ್ತೇವೆ. ಎರಡೂ ಹಳೆಯವು, ಎರಡೂ ದಿನನಿತ್ಯ ಬಳಕೆಯಲ್ಲಿರುವವು. ಮ್ಯಾನಿಟಾಲ್ ಮೂತ್ರವನ್ನು ಹೆಚ್ಚು ಹೊರಡಿಸುತ್ತದೆ, ಅದರಿಂದ ರಕ್ತದೊತ್ತಡ ಕುಸಿಯಬಹುದು. ಜೊತೆಗೆ ಚಳಿಯ ರಾತ್ರಿಗಳಲ್ಲಿ ಬಾಟಲಿಯೊಳಗೆ ಹರಳುಗಟ್ಟಿ, ನರ್ಸ್ ಅದನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿ ತರಬೇಕಾಗುತ್ತದೆ. ಉಪ್ಪಿನ ದ್ರಾವಣ ರಕ್ತದ ಸೋಡಿಯಂ ಅನ್ನು ಏರಿಸುತ್ತದೆ. ಆದರೆ ಆರು ತಿಂಗಳ ನಂತರ ರೋಗಿ ಯಾವ ಸ್ಥಿತಿಯಲ್ಲಿರುತ್ತಾನೆ ಎಂಬ ದೃಷ್ಟಿಯಿಂದ ಯಾವುದು ಮೇಲು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ತಿಳಿಯಲೆಂದೇ ನಮ್ಮ ಈ ಅಧ್ಯಯನ. ಆದ್ದರಿಂದ ಇದರಲ್ಲಿ ಯಾರಿಗೆ ಯಾವುದು ಎಂಬುದನ್ನು ನಾವು ಆರಿಸುವುದಿಲ್ಲ. ಮೊದಲೇ ಕಂಪ್ಯೂಟರ್ ಎತ್ತಿಟ್ಟ ಚೀಟಿ ಮುಚ್ಚಿದ ಲಕೋಟೆಯಲ್ಲಿರುತ್ತದೆ.

ಇಷ್ಟನ್ನು ಕೇಳಿದ ತಾಯಿ ಮೆಲ್ಲಗೆ, "ಅಂದ್ರೆ ದೇವ್ರತ್ರ ಹೂ ಕೇಳ್ದಂಗೆ ಅಲ್ವಾ ಸ್ವಾಮಿ?" ಎಂದರು. ನನ್ನ ಜೊತೆಗಿದ್ದ ಕಿರಿಯ ವೈದ್ಯೆಗೆ ನಗು ಬಂತು, ನನಗೆ ಬರಲಿಲ್ಲ. ಒಪ್ಪಿಗೆ ಪತ್ರದ ಹನ್ನೆರಡು ಪುಟಗಳಿಗಿಂತ ಆ ತಾಯಿ ವಿಷಯದ ಹತ್ತಿರಕ್ಕೆ ಬಂದಿದ್ದರು. ವ್ಯತ್ಯಾಸ ಇರುವುದು ಒಂದೇ ಕಡೆ. ಹೂವಿನ ಪ್ರಸಾದದಲ್ಲಿ ಬಲಗಡೆ ಬಿದ್ದ ಹೂ ಉತ್ತರವನ್ನೇ ಕೊಡುತ್ತದೆ, ಕೇಳಿದವರು ಅದನ್ನು ನಂಬಿ ಮನೆಗೆ ಹೋಗುತ್ತಾರೆ. ನಮ್ಮ ಲಕೋಟೆ ಯಾವ ಉತ್ತರವನ್ನೂ ಕೊಡುವುದಿಲ್ಲ. ವೈದ್ಯನ ಕೈ ತನ್ನ ಒಲವಿನ ಕಡೆ ವಾಲದಂತೆ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ಉತ್ತರ ಬರುವುದು ನೂರಾರು ಲಕೋಟೆಗಳು ಒಡೆದ ಮೇಲೆ.

ಇದನ್ನು ನಾನು ಎಷ್ಟು ಬಗೆಯಲ್ಲಿ ವಿವರಿಸಿದರೂ ಕೇಳುವವರ ಮುಖದಲ್ಲಿ ಒಂದೇ ಅನುಮಾನ ಉಳಿಯುತ್ತದೆ: ಡಾಕ್ಟರಿಗೆ ಒಳಗೊಳಗೆ ಗೊತ್ತಿದೆ, ಗೊತ್ತಿದ್ದೂ ಚೀಟಿ ಎತ್ತುತ್ತಿದ್ದಾರೆ. ಈ ಅನುಮಾನ ನನ್ನ ಮೇಲಿನ ಗೌರವದಿಂದಲೇ ಹುಟ್ಟುತ್ತದೆ ಎಂಬುದು ನನಗೆ ತಿಳಿದಿದೆ. ಆದರೂ ಸಹನೆ ತಪ್ಪುತ್ತದೆ, ಏಕೆಂದರೆ ನಮ್ಮ ವೃತ್ತಿ "ಒಳಗೊಳಗೆ ಗೊತ್ತಿದೆ" ಎಂದುಕೊಂಡು ನಡೆದ ಕಾಲಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಮೆದುಳಿನ ಗೆಡ್ಡೆಯ ಸುತ್ತಲಿನ ಊತಕ್ಕೆ ಸ್ಟೀರಾಯ್ಡ್ ಕೊಟ್ಟರೆ ಕೆಲವೇ ದಿನಗಳಲ್ಲಿ ರೋಗಿ ಚೇತರಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಪೆಟ್ಟು ಬಿದ್ದ ಮೆದುಳೂ ಊದಿಕೊಳ್ಳುತ್ತದೆ. ಹಾಗಾದರೆ ಅಲ್ಲಿಯೂ ಸ್ಟೀರಾಯ್ಡ್ ಕೆಲಸ ಮಾಡಬೇಕಲ್ಲವೇ? ತರ್ಕ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ದಶಕಗಳ ಕಾಲ ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ತಲೆಗೆ ಪೆಟ್ಟು ಬಿದ್ದವರಿಗೆ ಅದನ್ನು ಕೊಡಲಾಯಿತು. ಕೊನೆಗೆ ಲಂಡನ್ನಿನಿಂದ ನಡೆಸಿದ ಕ್ರಾಶ್ ಎಂಬ ಅಧ್ಯಯನದಲ್ಲಿ, ಪೆಟ್ಟು ಬಿದ್ದು ಎಂಟು ಗಂಟೆಯೊಳಗೆ ಬಂದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಸ್ಟೀರಾಯ್ಡನ್ನೂ ಉಳಿದವರಿಗೆ ಔಷಧವಿಲ್ಲದ ದ್ರಾವಣವನ್ನೂ ಚೀಟಿ ಎತ್ತಿ ಕೊಡಲಾಯಿತು. 20,000 ಜನರನ್ನು ಸೇರಿಸಿಕೊಳ್ಳಬೇಕೆಂದು ಹೊರಟಿದ್ದ ಅಧ್ಯಯನ 10,008ಕ್ಕೇ ನಿಂತಿತು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವಾರಗಳೊಳಗೆ ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡಾ 21.1ರಷ್ಟು, ಪಡೆಯದವರಲ್ಲಿ ಶೇಕಡಾ 17.9ರಷ್ಟು ಮಂದಿ ತೀರಿಕೊಂಡಿದ್ದರು.

ಈ ಎರಡು ಅಂಕಿಗಳ ಮುಂದೆ ಓದುಗರು ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ಕೋರಿಕೆ. ಇಂತಹ ನೂರು ರೋಗಿಗಳಿಗೆ ಸ್ಟೀರಾಯ್ಡ್ ಕೊಟ್ಟ ಒಬ್ಬ ಒಳ್ಳೆಯ, ನಿಷ್ಠಾವಂತ ವೈದ್ಯರನ್ನು ಊಹಿಸಿಕೊಳ್ಳಿ. ಅವರ ಕೈಯಲ್ಲಿ ಸುಮಾರು ಇಪ್ಪತ್ತೊಂದು ಮಂದಿ ಸಾಯುತ್ತಾರೆ. ಸ್ಟೀರಾಯ್ಡ್ ಕೊಡದಿದ್ದರೆ ಹದಿನೆಂಟು ಮಂದಿ ಸಾಯುತ್ತಿದ್ದರು. ಹೆಚ್ಚುವರಿಯಾಗಿ ಸತ್ತ ಆ ಮೂವರು ಯಾರು? ಯಾರ ಹಣೆಯ ಮೇಲೂ ಬರೆದಿರುವುದಿಲ್ಲ. ಎಲ್ಲರೂ ತಲೆಗೆ ಪೆಟ್ಟು ಬಿದ್ದೇ ಬಂದವರು, ಎಲ್ಲರ ಸಾವಿಗೂ ಆ ಪೆಟ್ಟೇ ಸಾಕಾದ ಕಾರಣ. ಬದುಕಿ ಮನೆಗೆ ಹೋದ ಎಪ್ಪತ್ತೊಂಬತ್ತು ಮಂದಿಯ ಕಡೆಯವರು ಮಾತ್ರ ಸಿಹಿ ಹಂಚಿ, "ನಿಮ್ಮ ಇಂಜೆಕ್ಷನ್ನಿಂದ ಉಳ್ಕೊಂಡ" ಎಂದು ಕೈಮುಗಿದು ಹೋಗುತ್ತಾರೆ. ಮೂವತ್ತು ವರ್ಷ ಹೀಗೆ ದುಡಿದರೂ ಆ ವೈದ್ಯರ ಅನುಭವ ಅವರಿಗೆ ಸ್ಟೀರಾಯ್ಡ್ ಒಳ್ಳೆಯದೆಂದೇ ಹೇಳುತ್ತಿರುತ್ತದೆ. ರೋಗಿ ಅವರ ಸ್ವಂತ ತಮ್ಮನೇ ಆಗಿದ್ದಿದ್ದರೆ ಅವರು ಅವನಿಗೂ ಪ್ರೀತಿಯಿಂದ ಅದನ್ನೇ ಕೊಡುತ್ತಿದ್ದರು. (ಗೆಡ್ಡೆಗಾಗಿ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ತಾವಾಗಿ ನಿಲ್ಲಿಸಬಾರದು. ಆ ವಿಷಯವೇ ಬೇರೆ, ಮತ್ತು ಹಠಾತ್ತಾಗಿ ನಿಲ್ಲಿಸುವುದು ಅಪಾಯಕಾರಿ.)

ಬಂಧುಗಳಿಗಿಂತ ನನ್ನ ಸಹೋದ್ಯೋಗಿಗಳ ಮೇಲೆ ನನಗೆ ಹೆಚ್ಚು ಸಿಟ್ಟು ಬರುವುದೂ ಇಲ್ಲಿಯೇ. ನಾನು ತರಬೇತಿಯಲ್ಲಿದ್ದಾಗ ಒಂದು ಅಧ್ಯಯನದ ಲಕೋಟೆಯನ್ನು ಒಬ್ಬ ಹಿರಿಯರು ಎಕ್ಸ್-ರೇ ನೋಡುವ ದೀಪದ ಪೆಟ್ಟಿಗೆಗೆ ಹಿಡಿದು, ಒಳಗಿನ ಅಕ್ಷರವನ್ನು ಓದಿ, "ಈ ಪೇಶಂಟ್ ಬೇಡ, ಮುಂದಿನವನನ್ನು ಸೇರಿಸು" ಎಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದುರುದ್ದೇಶವಿರಲಿಲ್ಲ. ಆ ರೋಗಿಯ ಸ್ಥಿತಿ ಬಿಗಡಾಯಿಸಿತ್ತು, ತಮಗೆ ಮೆಚ್ಚುಗೆಯಿದ್ದ ಔಷಧವೇ ಸಿಗಲಿ ಎಂಬ ಮರುಕ ಅವರಿಗೆ. ಆದರೆ ಮರುಕದಿಂದ ನಾಲ್ಕು ರೋಗಿಗಳನ್ನು ಹೀಗೆ ಆಚೀಚೆ ಮಾಡಿದರೆ, ಒಂದು ಗುಂಪಿನಲ್ಲಿ ಗಟ್ಟಿಯಾದವರೂ ಇನ್ನೊಂದರಲ್ಲಿ ಸೊರಗಿದವರೂ ಸೇರಿ, ಕೊನೆಗೆ ಬರುವ ಅಂಕಿ ಔಷಧದ ಗುಣವನ್ನು ಹೇಳುವ ಬದಲು ಆರಿಸಿದ ವೈದ್ಯರ ಮನಸ್ಸನ್ನು ಹೇಳುತ್ತದೆ. ಇಂದು ನಾವು ಬೆಳಕು ತೂರದ ದಪ್ಪ ಲಕೋಟೆಯನ್ನು ಬಳಸುತ್ತೇವೆ, ಅದನ್ನು ಒಡೆಯುವವರು ರೋಗಿಯನ್ನು ನೋಡದ ಇನ್ನೊಬ್ಬ ವೈದ್ಯರು, ಬಾಟಲಿಗೆ ಕಾಗದ ಸುತ್ತಿ ಒಳಗೆ ಕಳುಹಿಸುತ್ತಾರೆ. ಏನಾದರೂ ಹೆಚ್ಚುಕಡಿಮೆಯಾದರೆ ತಕ್ಷಣ ತಿಳಿದುಕೊಳ್ಳುವ ದಾರಿ ಇದ್ದೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಗುಟ್ಟು ಪೂರ್ತಿ ಉಳಿಯುವುದಿಲ್ಲ. ಮೆದುಳಿನ ಹೊದಿಕೆಯಾದ ಡ್ಯೂರಾ ಪೊರೆಯನ್ನು ಬಿಡಿಸಿದಾಗ ಮೆದುಳು ಎಷ್ಟು ಮೆತ್ತಗಿದೆ ಎಂದು ಶಸ್ತ್ರಚಿಕಿತ್ಸಕರು ಒಂದರಿಂದ ನಾಲ್ಕರವರೆಗೆ ಅಂಕ ಕೊಡಬೇಕು, ಯಾವ ದ್ರಾವಣವೆಂದು ಅವರಿಗೆ ತಿಳಿಯಬಾರದು. ಆದರೆ ಮ್ಯಾನಿಟಾಲ್ ಹೋಗಿದ್ದರೆ ಮೇಜಿನ ಕೆಳಗೆ ತೂಗುಹಾಕಿದ ಮೂತ್ರದ ಚೀಲ ಬಹುಬೇಗ ಉಬ್ಬಿಕೊಂಡು ಚಾಡಿ ಹೇಳುತ್ತದೆ. ಅದಕ್ಕೆ ಹಸಿರು ಬಟ್ಟೆ ಹೊದಿಸಿದೆವು. ಮೊದಲ ವಾರವೇ ಒಬ್ಬ ಶಸ್ತ್ರಚಿಕಿತ್ಸಕರು ಕಾಲಿನಿಂದ ಬಟ್ಟೆ ಸರಿಸಿ ಇಣುಕಿದರು. ಈಗ ಬಟ್ಟೆಗೆ ಪಿನ್ ಹಾಕುತ್ತೇವೆ.

ಮೆದುಳು ಮೆತ್ತಗಾಯಿತು ಎಂದ ಮಾತ್ರಕ್ಕೆ ಮನುಷ್ಯ ಚೇತರಿಸಿಕೊಂಡ ಎಂದಾಗುವುದಿಲ್ಲ ಎಂಬುದನ್ನೂ ಇಂತಹ ಅಧ್ಯಯನಗಳೇ ನಮಗೆ ಕಲಿಸಿದವು. ಆಸ್ಟ್ರೇಲಿಯಾದ ನೇತೃತ್ವದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಡೆಕ್ರಾ ಅಧ್ಯಯನದಲ್ಲಿ, ಮೆದುಳಿನ ಒತ್ತಡ ಏರಿದ 155 ಮಂದಿಯಲ್ಲಿ ಕೆಲವರಿಗೆ ಬೇಗನೆ ತಲೆಬುರುಡೆಯ ದೊಡ್ಡ ತುಂಡನ್ನು ತೆಗೆದರು. ಒತ್ತಡ ಇಳಿಯಿತು, ಐಸಿಯು ದಿನಗಳು ಕಡಿಮೆಯಾದವು. ಆದರೆ ಆರು ತಿಂಗಳ ನಂತರ ಅವರಲ್ಲಿ ಶೇಕಡಾ 70ರಷ್ಟು ಮಂದಿ ತೀರಿಕೊಂಡಿದ್ದರು ಅಥವಾ ಪರಾವಲಂಬಿಗಳಾಗಿದ್ದರು. ಶಸ್ತ್ರಚಿಕಿತ್ಸೆ ಇಲ್ಲದವರಲ್ಲಿ ಆ ಪ್ರಮಾಣ ಶೇಕಡಾ 51. ಇದರಿಂದ ಆ ಶಸ್ತ್ರಚಿಕಿತ್ಸೆಯೇ ತಪ್ಪು ಎಂದು ಯಾರೂ ತೀರ್ಮಾನಿಸಬಾರದು. 2016ರ ರೆಸ್ಕ್ಯೂ ಐಸಿಪಿ ಅಧ್ಯಯನದಲ್ಲಿ, ಬೇರೆಲ್ಲ ಉಪಾಯ ಸೋತ ಮೇಲೆ ಅದೇ ಶಸ್ತ್ರಚಿಕಿತ್ಸೆ ಮಾಡಿದಾಗ ಆರು ತಿಂಗಳೊಳಗಿನ ಸಾವು ಶೇಕಡಾ 48.9ರಿಂದ 26.9ಕ್ಕೆ ಇಳಿಯಿತು, ಆದರೆ ಉಳಿದವರಲ್ಲಿ ಪ್ರಜ್ಞೆ ಮರಳದವರ ಸಂಖ್ಯೆ ಹೆಚ್ಚಿತು. ನಿಮ್ಮ ರೋಗಿಗೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ಎದುರಿಗಿರುವ ವೈದ್ಯರೇ ಹೇಳಬೇಕು.

ಇನ್ನು "ನಮ್ ಹುಡುಗನ ಮೇಲೆ ಪ್ರಯೋಗ ಮಾಡ್ತೀರಾ?" ಎಂಬ ಮಾತು. ಆ ಭಯ ನ್ಯಾಯವಾದದ್ದು, ಕೇಳಲೇಬೇಕು. ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಇದೆಯೇ, 2007ರಿಂದ ನಡೆಯುತ್ತಿರುವ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದರ ಹೆಸರಿದೆಯೇ, ಅಧ್ಯಯನಕ್ಕೆಂದೇ ಮಾಡುವ ಪರೀಕ್ಷೆಗಳ ಖರ್ಚು ಯಾರದು, ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ, ಪತ್ರದ ಪ್ರತಿಯನ್ನು ಇಟ್ಟುಕೊಳ್ಳಿ. ಬೇಡವೆನ್ನಿಸಿದರೆ ಬೇಡ ಎನ್ನಿ. ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಕೂಡದು. ಹಾಗೆ ಬೇಡವೆಂದವರ ರೋಗಿಗೂ ಆ ರಾತ್ರಿ ಇವೇ ಎರಡು ಬಾಟಲಿಗಳಲ್ಲಿ ಒಂದು ಹೋಗುತ್ತದೆ, ಕರ್ತವ್ಯದಲ್ಲಿರುವ ವೈದ್ಯರ ಅಭ್ಯಾಸದಂತೆ ಅಥವಾ ಕಪಾಟಿನಲ್ಲಿ ಯಾವುದಿದೆಯೋ ಅದರಂತೆ, ಎಂಬುದನ್ನು ಮಾತ್ರ ನಾನು ಮೆತ್ತಗೆ ನೆನಪಿಸುತ್ತೇನೆ. ಅದೂ ಒಂದು ಚೀಟಿಯೇ, ಯಾರೂ ಲೆಕ್ಕ ಬರೆದಿಡದ ಚೀಟಿ.

ಅಣ್ಣನ ಪ್ರಶ್ನೆಗೆ ಆ ರಾತ್ರಿ ನಾನು, "ನನ್ನ ತಮ್ಮನಾಗಿದ್ದರೂ ಲಕೋಟೆಯನ್ನೇ ಒಡೆಯಲು ಹೇಳುತ್ತಿದ್ದೆ" ಎಂದೆ. ಅವನು ನಂಬಿದನೋ ಇಲ್ಲವೋ, ಸಹಿ ಹಾಕಿದ.

ಆರು ತಿಂಗಳಾದ ಮೇಲೆ ನಮ್ಮ ಸಂಶೋಧನಾ ಸಹಾಯಕಿ ಅವನಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲಿ ಸುಮ್ಮನೆ ಕುಳಿತು ಸ್ಪೀಕರಿನಲ್ಲಿ ಕೇಳುತ್ತಿದ್ದೆ. ಫಲಿತಾಂಶ ಬರೆಯುವವರು ಚಿಕಿತ್ಸೆ ಕೊಟ್ಟವರಾಗಿರಬಾರದು ಎಂಬ ನಿಯಮದಂತೆ ಮಾತು ಅವರದೇ. ಎಂಟು ಮೆಟ್ಟಿಲುಗಳ ಒಂದು ಪಟ್ಟಿಯಿದೆ. ಸಾವು ಒಂದು, ಸಂಪೂರ್ಣ ಚೇತರಿಕೆ ಎಂಟು. ಒಬ್ಬನೇ ಅಂಗಡಿಗೆ ಹೋಗುತ್ತಾನೆಯೇ, ಬಸ್ಸಿನಲ್ಲಿ ಓಡಾಡುತ್ತಾನೆಯೇ, ಮೊದಲಿನ ಕೆಲಸ ಮಾಡುತ್ತಾನೆಯೇ ಎಂದು ಅವರು ಕೇಳುತ್ತಾ ಹೋದರು. "ಎಲ್ಲಾ ಮಾಡ್ತಾನೆ ಮೇಡಂ. ಹಸ ಕಟ್ತಾನೆ, ಹಾಲು ಕರೀತಾನೆ. ಡೈರೀಲಿ ಲೆಕ್ಕ ಬರಿಯೋಕೆ ಮಾತ್ರ ಆಗಲ್ಲ, ಈಗ ಅದನ್ನ ನಾನೇ ಬರೀತೀನಿ" ಎಂದ ಅಣ್ಣ. ಸಹಾಯಕಿ ಸ್ವಲ್ಪ ಯೋಚಿಸಿ ಆರು ಎಂದು ಗುರುತು ಹಾಕಿದರು.

ಫೋನ್ ಇಡುವ ಮುಂಚೆ ಅವನು ಕೇಳಿದ: "ಮೇಡಂ, ಅವತ್ತು ಲಕೋಟೇಲಿ ಯಾವ್ದು ಬಂದಿತ್ತು?" ಅಧ್ಯಯನ ಮುಗಿಯುವವರೆಗೆ ತನಗೂ ಗೊತ್ತಾಗುವುದಿಲ್ಲ ಎಂದು ಅವರು ಹೇಳಿದ್ದು ನಿಜವೇ ಆಗಿತ್ತು. ಆ ರಾತ್ರಿಯ ಸೋಡಿಯಂ ಅಂಕಿಯನ್ನು ನೋಡಿದ್ದ ನನಗೆ ಒಂದು ಊಹೆಯಿತ್ತು. ನಾನು ಬಾಯಿ ಬಿಡಲಿಲ್ಲ.